ಸಾಯಬಾರದ ಗುಡಿಯ ಲಾಂಪೋನ್

ನಮ್ಮೂರು ಮೆಲಾಂಥದ ಗುಡಿಯಲ್ಲಿ ಯಾರೂ ಸತ್ತಿಲ್ಲ ಎಂದು ಎಲ್ಲರೂ ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ರೋಗಿಯ ಮುಖದಲ್ಲಿ ಸಾವಿನ ಲಕ್ಷಣ ಕಂಡ ಕೂಡಲೇ ಗುಡಿಯ ಆಳು ಲಾಂಪೋನ್ ಬಂದು ಅವನನ್ನು ಬೆನ್ನಿಗೆ ಹೇರಿಕೊಂಡು, ಗಡಿಕಲ್ಲು ದಾಟಿಸಿ, ಆಚೆಯ ಮುಳ್ಳಿನ ದಿಬ್ಬದಲ್ಲಿ ಇಳಿಸಿಬಿಡುತ್ತಿದ್ದ. ಅಲ್ಲಿ ಅವನು ತನ್ನ ಪಾಡಿಗೆ ತಾನು ಸಾಯಬಹುದಿತ್ತು. ಗುಡಿಗೂ ಆ ಸಾವಿಗೂ ಏನೂ ಸಂಬಂಧವಿರಲಿಲ್ಲ.

ನಾನು ಮಿರ್ತೊ. ಆ ಗುಡಿಯ ಬಾಗಿಲಲ್ಲಿ ಮಣ್ಣಿನ ಕೈ, ಕಾಲು, ಕಿವಿ, ಕಣ್ಣು ಮಾಡಿ ಮಾರಿಕೊಂಡು ಬದುಕಿದವಳು. ದೇಹದ ಯಾವ ಭಾಗ ವಾಸಿಯಾಯಿತೋ ಅದನ್ನು ಮಣ್ಣಿನಲ್ಲಿ ಮಾಡಿಸಿ ದೇವರಿಗೆ ಒಪ್ಪಿಸಬೇಕು. ವಾಸಿಯಾಗದವರೂ ಮುಂಚಿತವಾಗಿಯೇ ಒಪ್ಪಿಸುತ್ತಿದ್ದರು, ದೇವರಿಗೆ ದಾಕ್ಷಿಣ್ಯವಾದರೂ ಆಗಲಿ ಎಂದು. ನನಗೆ ಯಾವುದಾದರೇನು, ಮಣ್ಣು ಖರ್ಚಾದರೆ ಸಾಕು. ಹೊಟ್ಟೆ ಮಾಡಿಕೊಡುವುದು ಮಾತ್ರ ತಲೆನೋವು. ಎಂಥ ಡೊಳ್ಳುಹೊಟ್ಟೆಯವನೇ ಆಗಲಿ, ನಾನು ಮಾಡಿದ್ದನ್ನು ನೋಡಿ, 'ಇಷ್ಟು ದಪ್ಪ ಇದೆಯೇನಮ್ಮ ನಂದು?' ಎಂದು ಜಗಳಕ್ಕೆ ಬರುತ್ತಿದ್ದ.

ಗುಡಿ ಹುಟ್ಟಿದ ಕಥೆ ಕೇಳಿದರೆ ನಗು ಬರುತ್ತದೆ. ಬಹಳ ಹಿಂದೆ ನಮ್ಮೂರಿನ ಹಿರಿಯನೊಬ್ಬ ಗೂನುಬೆನ್ನು ಹೊತ್ತು ದೂರದ ದೊಡ್ಡ ಗುಡಿಗೆ ಹೋಗಿ, ಅದೇ ಗೂನುಬೆನ್ನು ಹೊತ್ತು ವಾಪಸು ಬಂದನಂತೆ. ಈ ಗುಡ್ಡದ ಹತ್ತಿರ ಅವನ ಗಾಡಿಯ ಹುಲ್ಲಿನಿಂದ ಒಂದು ಹಾವು ಇಳಿದು ಬಿಲ ಸೇರಿತು. ಹಾವು ಬಿಲ ಸೇರುವುದು ಯಾವ ದೊಡ್ಡ ವಿಷಯ? ಆದರೆ ಹಿರಿಯ ಬಿಡಲಿಲ್ಲ. ಇದು ವೈದ್ಯದೇವರು ಅಸ್ಕ್ಲೀಪಿಯಸ್, ನನ್ನ ಹಿಂದೆಯೇ ಹೊರಟು ಬಂದಿದ್ದಾನೆ ಎಂದು ಡಂಗುರ ಹೊಡೆದ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆ ಅಂತ ಒಪ್ಪಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಬಿಲದ ಸುತ್ತ ಗೋಡೆ ಎದ್ದಿತು. ಚಿಲುಮೆಗೆ ತೊಟ್ಟಿ ಕಟ್ಟಿದರು. ರೋಗಿಗಳು ಮಲಗಿ ಕನಸಿನಲ್ಲಿ ದೇವರನ್ನು ಕಾಣಲೆಂದು ಉದ್ದನೆಯ ಪಡಸಾಲೆ ಬಂತು. ವಾಸಿಯಾದವರ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದು ಶುರುವಾಯಿತು. ಗೂನುಬೆನ್ನಿನ ಹಿರಿಯ ಗೂನುಬೆನ್ನಿನಲ್ಲೇ ಸತ್ತ, ಅದನ್ನು ಯಾರೂ ಕೊರೆಸಲಿಲ್ಲ.

ಗುಡಿ ಎಂದಮೇಲೆ ಕಟ್ಟಳೆ ಬೇಡವೇ? ಬಲಿಯ ಮಾಂಸವನ್ನು ಮನೆಗೆ ಒಯ್ಯುವಂತಿಲ್ಲ, ಒಳಗೇ ತಿಂದು ಮುಗಿಸಬೇಕು. ಹೊಟ್ಟೆನೋವಿಗೆಂದು ಬಂದವನು ಇಡೀ ಮೇಕೆಯನ್ನು ತಿಂದು ಮುಗಿಸಿ ಹೊರಳಾಡುತ್ತಿದ್ದ. ಗಡಿಕಲ್ಲಿನೊಳಗೆ ಯಾರೂ ಹೆರುವಂತಿಲ್ಲ. ಯಾರೂ ಸಾಯುವಂತಿಲ್ಲ. ದೇವರಿಗೆ ಮೈಲಿಗೆ. ಒಂದೇ ಒಂದು ಸಾವಾದರೂ ಗುಡಿ ಮುಚ್ಚಬೇಕು, ಹಂದಿಯ ರಕ್ತ ಚಿಮುಕಿಸಿ ಶುದ್ಧಿ ಮಾಡಬೇಕು, ಆಗಬೇಕಿದ್ದ ಹಬ್ಬ ನಿಲ್ಲಬೇಕು. ಹಾಗಾಗಿ ಕಾಯಿಲೆಯವರೇ ತುಂಬಿದ ಜಾಗದಲ್ಲಿ ಸಾವನ್ನು ಹೊರಗಿಡುವ ಕೆಲಸಕ್ಕೆ ಒಬ್ಬ ಆಳು ಬೇಕಾಯಿತು.

ಲಾಂಪೋನ್ ಮೊದಲು ಸಂತೆಯಲ್ಲಿ ಉಣ್ಣೆಮೂಟೆ ಹೊರುತ್ತಿದ್ದವನು. ಎತ್ತಿನಂಥ ಬೆನ್ನು, ಮಗುವಿನಂಥ ಮನಸ್ಸು. ಮೂಟೆ ಮಾತಾಡುವುದಿಲ್ಲ, ರೋಗಿಗಳು ಮಾತಾಡುತ್ತಾರೆ, ಅಷ್ಟೇ ವ್ಯತ್ಯಾಸ ಎಂದು ಗುಡಿಯ ಕೆಲಸಕ್ಕೆ ಸೇರಿದ. ಬರಬರುತ್ತಾ ಅವನ ಕಣ್ಣು ಪಳಗಿತು. ಮೂಗು ಚೂಪಾಯಿತೇ, ಬೆರಳು ಹೊದಿಕೆಯ ಎಳೆ ಕೀಳುತ್ತಿದೆಯೇ, ನೋಡಿದನೆಂದರೆ ಮುಗಿಯಿತು. ಊರಿನಲ್ಲಿ ಅವನು ಯಾರನ್ನಾದರೂ 'ಚೆನ್ನಾಗಿದೀಯೇನಪ್ಪಾ?' ಎಂದು ಕೇಳಿದರೆ ಆ ಮನೆಯಲ್ಲಿ ಅವತ್ತು ಒಲೆ ಉರಿಯುತ್ತಿರಲಿಲ್ಲ.

ಇನ್ನೊಂದು ತಮಾಷೆ. ವರ್ಷಗಟ್ಟಲೆ ಕಾಲು ಬರುವುದಿಲ್ಲ ಎಂದು ಮಲಗಿದ್ದ ಎಣ್ಣೆ ವ್ಯಾಪಾರಿಯೊಬ್ಬ ಕಣ್ಣು ಬಿಟ್ಟಾಗ ಲಾಂಪೋನ್ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ. ಪಕ್ಕದವನಿಗಾಗಿ ಬಂದಿದ್ದನಪ್ಪ ಪಾಪ. ವ್ಯಾಪಾರಿ ಎದ್ದೆನೋ ಬಿದ್ದೆನೋ ಎಂದು ಓಡಿದವನು ನನ್ನ ಅಂಗಡಿಯ ಕಿವಿಗಳನ್ನೆಲ್ಲ ತುಳಿದು ಪುಡಿ ಮಾಡಿ ಹೋದ. ದೇವರು ಕಾಲು ಕೊಟ್ಟ ಎಂದು ಕಲ್ಲಿನಲ್ಲಿ ಕೊರೆಸಿದರು. ಕಿವಿಗಳ ಮಾತು ಯಾರೂ ಎತ್ತಲಿಲ್ಲ. ನಮ್ಮತ್ತೆಯನ್ನೂ ಒಮ್ಮೆ ಲಾಂಪೋನನೇ ಹೊತ್ತು ತಂದು ದಿಬ್ಬದ ಓಕ್ ಮರದಡಿ ಮಲಗಿಸಿದ್ದ. ಆ ಪಡಸಾಲೆಯ ಹೊಗೆ, ನಾತ ಬಿಟ್ಟು ಒಂದಿಷ್ಟು ಗಾಳಿ ಕುಡಿದದ್ದೇ ತಡ, ಮುದುಕಿ ಎದ್ದು ಕೂತು ಅಂಜೂರ ತರಿಸಿಕೊಂಡು ತಿಂದಳು. ಆಮೇಲೆ ನನ್ನ ಪ್ರಾಣ ತಿನ್ನುತ್ತಾ ಬಹಳ ಕಾಲ ಇದ್ದಳು.

ಲಾಂಪೋನನ ಹೆಂಡತಿ ಫಿಲಿನ್ನ ನನ್ನ ಪಕ್ಕದ ಮನೆಯವಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಸಂಜೆ ಗಂಡ ಬಂದು ಬೆನ್ನು ನೀವಿಕೊಳ್ಳುತ್ತಾ ಹೊಸ್ತಿಲಲ್ಲಿ ಕೂತರೆ ಶುರು ಮಾಡುತ್ತಿದ್ದಳು.

"ಏನ್ರೀ, ಇವತ್ತು ಎಷ್ಟು ಜನರಿಂದ ದೇವರನ್ನ ಕಾಪಾಡಿದ್ರಿ?"

"ಬಾಯಿ ಮುಚ್ಚೇ. ದೇವರಿಗೆ ಸಾವು ಆಗಿಬರಲ್ಲ."

"ಆಗಿಬರಲ್ವಾ! ನಿಮ್ಮ ದೇವರೇ ಸಿಡಿಲು ಬಡಿದು ಸತ್ತೋನಲ್ವೇನ್ರೀ? ಸತ್ತೋರನ್ನ ಬದುಕಿಸ್ತಾನೆ ಅಂತ ಅವರಜ್ಜ, ದೇವರ ದೊರೆ ಸ್ಯೂಸನೇ ಹೊಡೆದು ಹಾಕಿದ. ಆಗ ನೀವಿದ್ದಿದ್ರೆ ಅವನನ್ನೂ ಹೊತ್ಕೊಂಡು ಹೋಗಿ ಮುಳ್ಳಲ್ಲಿ ಬಿಸಾಕಿ ಬರ್ತಿದ್ರಿ."

"ಮಿರ್ತಕ್ಕಾ, ಇವಳಿಗೆ ಒಂದು ಮಣ್ಣಿನ ನಾಲಿಗೆ ಮಾಡಿಕೊಡು, ಒಪ್ಪಿಸಿ ಬರ್ತೀನಿ" ಎಂದು ಅವನು ಗೋಡೆಯಾಚೆಗೆ ಕೂಗುತ್ತಿದ್ದ.

"ಅಷ್ಟು ಉದ್ದದ್ದು ಮಾಡೋಕೆ ಮಣ್ಣು ಸಾಲಲ್ಲ ಕಣಪ್ಪ" ಎನ್ನುತ್ತಿದ್ದೆ ನಾನು. ಮೂವರೂ ನಗುತ್ತಿದ್ದೆವು. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳ ಮಾತೇ ಸಂಸಾರ. ಎಷ್ಟೇ ಜಗಳವಾಗಲಿ, ಕೊನೆಯ ಮಾತು ಅವಳದೇ. ಅವನಿಗೂ ಅದೇ ಇಷ್ಟ.

ಆ ಬೇಸಗೆ ಫಿಲಿನ್ನ ಹಾಸಿಗೆ ಹಿಡಿದಳು. ಪಕ್ಕೆಯ ಕೆಳಗೆ ನೋವು, ಬಿಡದ ಜ್ವರ, ಜವೆಗೋಧಿಯ ಗಂಜಿಯೂ ಇಳಿಯದು. ಅದೇ ಹೊತ್ತಿಗೆ ಗುಡಿಯ ದೊಡ್ಡ ಹಬ್ಬ ಹತ್ತಿರ ಬಂದಿತ್ತು. ಸುತ್ತಲಿನ ಊರುಗಳಿಂದ ದೂತರು ಬಲಿಯ ಪಶುಗಳನ್ನು ಹೊಡೆದುಕೊಂಡು ಬರುವವರಿದ್ದರು. ಪೂಜಾರಿ ಹಾಗ್ನೋನನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನೇರಳೆ ಬಣ್ಣದ ಹೊಸ ಶಾಲು ಹೊದ್ದು ಓಡಾಡುತ್ತಿದ್ದ. ಹೆಂಡತಿಯನ್ನು ಕರೆತರಲೇ ಎಂದು ಲಾಂಪೋನ್ ಕೇಳಿದಾಗ ಪೂಜಾರಿಯ ಮುಖ ಅರಳಿತು.

"ಕರ್ಕೊಂಡು ಬಾರಯ್ಯ! ನಮ್ಮೂರಿನವಳೇ ವಾಸಿಯಾಗಿ ಎದ್ದು ಬಂದ್ರೆ ದೂತರ ಮುಂದೆ ಎಷ್ಟು ಚೆನ್ನಾಗಿರುತ್ತೆ! ಒಳ್ಳೇ ಕಲ್ಲೊಂದು ನುಣುಪು ಮಾಡಿಸಿಟ್ಟಿದ್ದೀನಿ, ಸುಮ್ನೆ ಬಿದ್ದಿದೆ."

ಫಿಲಿನ್ನ ಬರಲಾರೆ ಎಂದಳು. ಗಂಡ ಗೋಗರೆದ. ಕೊನೆಗೆ, "ಆಯ್ತು, ಬರ್ತೀನಿ. ಆದ್ರೆ ಒಂದು ಮಾತು" ಎಂದಳು. "ಊರೋರನ್ನೆಲ್ಲ ಹೊತ್ಕೊಂಡು ಹೋಗಿ ಆ ಮುಳ್ಳಲ್ಲಿ ಮಲಗಿಸಿದ್ರಲ್ಲ, ನನ್ನನ್ನ ಹಾಗೆ ಮಾಡಬಾರದು. ಮಲಗಿದ ಜಾಗದಿಂದ ಎಬ್ಬಿಸಬಾರದು. ಆಣೆ ಮಾಡಿ."

"ನಿನಗೇನಾಗುತ್ತೇ? ನಡ್ಕೊಂಡೇ ವಾಪಸ್ ಬರ್ತೀಯ."

"ಆಣೆ ಮಾಡಿ ಅಂದೆ."

ಅವನು ಆಣೆ ಮಾಡಿದ. ಜೀವಮಾನದಲ್ಲಿ ಒಂದು ಸಾವನ್ನೂ ಒಳಗೆ ಬಿಡದ ಮನುಷ್ಯ, ಹೆಂಡತಿಯ ಕೈ ಹಿಡಿದುಕೊಂಡು ಅಂಥ ಆಣೆ ಮಾಡಿದ! ಅವಳು ಸಾಯುವುದೇ ಇಲ್ಲ ಎಂದಮೇಲೆ ಆಣೆಗೇನು ಕಷ್ಟ ಎಂದುಕೊಂಡಿರಬೇಕು.

ಅವಳನ್ನು ಚಿಲುಮೆಯಲ್ಲಿ ಮೀಯಿಸಿ, ಜೇನಿನ ರೊಟ್ಟಿ ಒಪ್ಪಿಸಿ, ಪಡಸಾಲೆಯ ಮೂಲೆಯ ತಂಪಾದ ಜಾಗದಲ್ಲಿ ಮಲಗಿಸಿದೆವು. ನೋಡಿಕೊಳ್ಳಲು ನಾನೂ ಜೊತೆಗೆ ಉಳಿದೆ. ಬೆಳಗಾದರೆ ಹಾಗ್ನೋನ್ ಹಾಜರಾಗುತ್ತಿದ್ದ.

"ಕನಸು ಬಿತ್ತೇನಮ್ಮಾ?"

"ಬಿತ್ತು ಸ್ವಾಮಿ. ನಮ್ಮನೆ ಮೇಕೆ ನಿಮ್ಮ ಶಾಲು ಮೇಯ್ತಿತ್ತು."

ಅವನು ಗಂಭೀರವಾಗಿ ಗಡ್ಡ ನೀವಿದ. "ಶುಭ, ಶುಭ. ಮೇಕೆ ಅಂದ್ರೆ ರೋಗ. ಶಾಲು ಅಂದ್ರೆ ದೇವರ ಕೃಪೆ."

"ಹಾಗಾದ್ರೆ ರೋಗ ಕೃಪೇನೆಲ್ಲ ತಿಂದು ಹಾಕ್ತು ಅಂತಾಯ್ತಲ್ಲ ಸ್ವಾಮಿ?"

ಪಕ್ಕದ ಹಾಸಿಗೆಯವರು ಕಿಸಕ್ಕೆಂದರು. ಹಾಗ್ನೋನ್ ಶಾಲನ್ನು ಎಳೆದುಕೊಂಡು ಹೊರಟುಹೋದ. ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂದಿತ್ತು. ಅವಳು ಕಣ್ಣು ಮುಚ್ಚಿದಾಗ ನಾನು ಮುಖ ನೋಡಿದೆ. ಮೂಗು ಚೂಪಾಗಿತ್ತು. ಬೆರಳು ಹೊದಿಕೆಯ ಎಳೆ ಕೀಳುತ್ತಿತ್ತು.

ಲಾಂಪೋನ್ ಅವಳ ಪಕ್ಕದಲ್ಲೇ ಕೂತು ಪಾದ ತಿಕ್ಕುತ್ತಿದ್ದ. ನಾನು ಅವನ ಕಿವಿಯಲ್ಲಿ, "ಲಾಂಪೋನಾ, ನೋಡೋ. ಕಾಣ್ತಿಲ್ವೇನೋ?" ಎಂದೆ.

"ಏನು ಕಾಣ್ಬೇಕು? ನಿದ್ದೆ ಹತ್ತಿದೆ, ಸುಮ್ನಿರು" ಎಂದ. ನನ್ನ ಕಡೆ ತಿರುಗಲಿಲ್ಲ. ಅವಳ ಮುಖದ ಕಡೆಗೂ ತಿರುಗಲಿಲ್ಲ. ಪಾದವನ್ನಷ್ಟೇ ನೋಡುತ್ತಿದ್ದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಫಿಲಿನ್ನ ಹೋಗಿಬಿಟ್ಟಳು. ನರಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಅವಳ ಕೈ ನನ್ನ ಕೈಯಲ್ಲಿತ್ತು. ಲಾಂಪೋನ್ ಪಾದ ತಿಕ್ಕುತ್ತಲೇ ಇದ್ದ. ಸಾಕು ಕಣೋ ಎಂದು ನಾನು ಹೇಳಿದ ಮೇಲೂ ತಿಕ್ಕಿದ. ಆಮೇಲೆ ಬಾಯಿ ತೆರೆದ. ಅಳುವಿನ ಮೊದಲ ದನಿ ಬರುವ ಮುಂಚೆಯೇ ಯಾರದೋ ಅಂಗೈ ಅವನ ಬಾಯಿಯ ಮೇಲೆ ಬಿತ್ತು. ಹಾಗ್ನೋನ್. ಕನಸು ಕೇಳಲು ಬಂದಿದ್ದ.

"ಶ್! ಪಕ್ಕದೋರು ಏಳ್ತಾರೆ. ಇವಳು ಸತ್ತಿಲ್ಲ ಕಣಯ್ಯ."

"ಸತ್ತಿದ್ದಾಳೆ ಸ್ವಾಮಿ."

"ಇಲ್ಲಿ ಯಾರೂ ಸಾಯಲ್ಲ. ಜ್ವರ ಇದೆಯಾ ಇವಳಿಗೆ?"

"ಇಲ್ಲ."

"ನೋವಿದೆಯಾ?"

"ಇಲ್ಲ."

"ಮತ್ತೆ? ವಾಸಿಯಾಗಿದ್ದಾಳೆ ಅಂತ ತಾನೇ ಅರ್ಥ?"

ಇಂಥ ತರ್ಕಕ್ಕೆ ಏನು ಹೇಳುತ್ತೀರಿ? ನನಗೆ ಮೈಯೆಲ್ಲ ಉರಿದುಹೋಯಿತು. ಹಾಗ್ನೋನ್ ಮಾತ್ರ ಬೆಣ್ಣೆಯಂಥ ದನಿಯಲ್ಲಿ ಮುಂದುವರಿಸಿದ. "ನೋಡು, ದೂತರು ಊರಬಾಗಿಲಿಗೆ ಬಂದಾಗಿದೆ. ಸಾವು ಅಂತ ಗೊತ್ತಾದ್ರೆ ಬಂದ ಹಾಗೇ ತಿರುಗಿ ಹೋಗ್ತಾರೆ, ಗುಡಿ ಮುಳುಗುತ್ತೆ. ಮುಸುಕು ಹಾಕಿ ಬೆನ್ನ ಮೇಲೆ ಕೂರಿಸ್ಕೋ. ಮಾತಾಡಿಸ್ತಾ ಮನೆಗೆ ಕರ್ಕೊಂಡು ಹೋಗು. ಹಬ್ಬ ಮುಗಿಯೋ ತನಕ ಅಳಬೇಡ, ಬಾಗಿಲಲ್ಲಿ ಸೂತಕದ ನೀರಿನ ಪಾತ್ರೆ ಇಡಬೇಡ. ಆಮೇಲೆ ಎಷ್ಟು ಬೇಕಾದ್ರೂ ಅಳು. ಅಳೋ ಹೆಂಗಸರನ್ನ ನಾನೇ ಕಳಿಸ್ತೀನಿ, ಒಳ್ಳೇ ಗಂಟಲಿನೋರು."

"ನಿಮ್ಮ ಬಾಯಿಗೆ ಮಣ್ಣು ಹಾಕ!" ಎಂದೆ ನಾನು.

"ಮಿರ್ತಮ್ಮಾ, ನೀನೂ ಈ ಬಾಗಿಲಲ್ಲೇ ಹೊಟ್ಟೆ ಹೊರೆಯೋಳು. ಗುಡಿ ಮುಚ್ಚಿದ್ರೆ ನಿನ್ನ ಕೈಕಾಲು ಯಾರು ಕೊಳ್ತಾರೆ?" ಎಂದ ಅವನು, ನಗುನಗುತ್ತಲೇ.

ಲಾಂಪೋನ್ ಪಾದ ಬಿಟ್ಟು ಎದ್ದ. ಹಿಂದಿನಿಂದಲೂ ಪೂಜಾರಿ ಹೇಳಿದ್ದನ್ನು ಕೇಳಿದ ಮನುಷ್ಯ. ಅದಲ್ಲದೆ ದಿಗ್ಭ್ರಮೆ ಬಡಿದವನಂತಾಗಿದ್ದ. ಅವಳನ್ನು ಬೆನ್ನಿಗೆ ಏರಿಸಿಕೊಂಡ. ನಾನೇ ಮುಸುಕು ಸರಿಮಾಡಿ ಅವಳ ತಲೆಯನ್ನು ಅವನ ಭುಜಕ್ಕೆ ಆನಿಸಿದೆ. ನೋಡಿದವರಿಗೆ ದಣಿದ ಹೆಂಗಸೊಬ್ಬಳು ಗಂಡನ ಹೆಗಲಲ್ಲಿ ತೂಕಡಿಸುವಂತೆಯೇ ಇತ್ತು.

ಅಂಗಳ ಜನರಿಂದ ತುಂಬಿತ್ತು. ಹಾಗ್ನೋನ್ ಮುಂದೆ ನಡೆಯುತ್ತಾ ಎರಡೂ ಕೈ ಎತ್ತಿ ಕೂಗಿದ. "ದೇವರು ಕೈ ಹಿಡಿದ! ಮೆಲಾಂಥದ ಫಿಲಿನ್ನ ವಾಸಿಯಾದಳು!" ಜನ ಜಯಕಾರ ಹಾಕಿದರು. ಗೋಡೆಯ ಪಕ್ಕದಲ್ಲಿ ಆಗಲೇ ಕಲ್ಲುಕುಟಿಗನ ಉಳಿ ಟಕ್ ಟಕ್ ಎನ್ನುತ್ತಿತ್ತು. ಅದಕ್ಕೆ ಎಂಥ ಅವಸರ ನೋಡಿ! ಯಾರೋ ಹೂವು ಎಸೆದರು. ಮುದುಕನೊಬ್ಬ ಅವಳ ಸೆರಗನ್ನು ಕಣ್ಣಿಗೆ ಒತ್ತಿಕೊಂಡ. "ಏನು ಕನಸು ಬಿತ್ತು ತಾಯಿ?" ಎಂದು ನಾಲ್ಕಾರು ಜನ ಒಟ್ಟಿಗೇ ಕೇಳಿದರು.

"ಮಾತಾಡಬಾರದು ಅಂತ ದೇವರ ಅಪ್ಪಣೆಯಾಗಿದೆ" ಎಂದ ಹಾಗ್ನೋನ್. ಆಮೇಲೆ ಲಾಂಪೋನನ ಪಕ್ಕೆ ತಿವಿದು, "ನೀನು ಮಾತಾಡ್ಸಯ್ಯ" ಎಂದು ಪಿಸುಗುಟ್ಟಿದ.

"ಫಿಲಿನ್ನಾ, ಬಿಸಿಲು ಜಾಸ್ತಿ ಅಲ್ವೇನೇ?" ಎಂದ ಲಾಂಪೋನ್. ಎರಡು ಹೆಜ್ಜೆ ಇಟ್ಟ. "ಮನೆಗೆ ಹೋಗ್ತಿದ್ದೀವಿ ಕಣೇ." ಮತ್ತೆ ಎರಡು ಹೆಜ್ಜೆ. "ಮೇಕೆಗೆ ಮಿರ್ತಕ್ಕನ ಮನೆಯೋರು ಹುಲ್ಲು ಹಾಕಿರ್ತಾರೆ." ಪ್ರತಿ ಮಾತು ಆದಮೇಲೂ ಅವನು ಒಂದು ಗಳಿಗೆ ನಿಲ್ಲುತ್ತಿದ್ದ. ಬೈಯಲಿ ಎಂದು ಕಾಯುತ್ತಿದ್ದ ಕಣ್ರೀ ಆ ಮನುಷ್ಯ. ಒಂದೇ ಒಂದು ಬೈಗುಳ. ಹಿಂದೆ ಬರುತ್ತಿದ್ದ ನನಗೆ ಅದನ್ನು ನೋಡಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಡೆದೆ.

ಗಡಿಕಲ್ಲಿನ ಹತ್ತಿರ ಬಂದಾಗ ಒಬ್ಬ ಹೆಂಗಸು ಅಡ್ಡ ಬಂದಳು. ಯಾವುದೋ ದ್ವೀಪದಿಂದ ಬಂದವಳು, ಮಾತಿನ ಧಾಟಿಯೇ ಬೇರೆ. ಕಂಕುಳಲ್ಲಿ ಐದಾರು ವರ್ಷದ ಮಗಳು, ಕಡ್ಡಿಯಂತೆ ಒಣಗಿ ಹೋಗಿದ್ದಳು. ತಾಯಿ ಲಾಂಪೋನನ ತೋಳು ಹಿಡಿದುಕೊಂಡಳು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನಿನ್ನ ಹೆಂಡ್ತಿ ಮಲಗಿದ್ದ ಜಾಗ ಯಾವುದಣ್ಣಾ? ಬೇರೆಯೋರು ಹಿಡಿಯೋಕೆ ಮುಂಚೆ ನನ್ನ ಮಗಳನ್ನ ಅಲ್ಲೇ ಮಲಗಿಸ್ತೀನಿ. ನೀನು ಹೇಳಿದ್ರೆ ಕೊಡ್ತಾರಂತೆ."

ಹಾಗ್ನೋನ್ ಒಳ್ಳೆಯ ಮಾತೆಂಬಂತೆ ತಲೆಯಾಡಿಸಿದ. "ಖಂಡಿತ ಕೊಡಿಸೋಣ ತಾಯಿ. ನಡಿ ಲಾಂಪೋನ್, ನಡಿ."

ಲಾಂಪೋನ್ ನಡೆಯಲಿಲ್ಲ. ಆ ಹೆಂಗಸಿನ ಮುಖ ನೋಡಿದ, ಮಗುವನ್ನು ನೋಡಿದ.

"ಆ ಜಾಗ ಬೇಡಮ್ಮ" ಎಂದ. "ಅಲ್ಲಿ ನನ್ನ ಹೆಂಡ್ತಿ ಸತ್ತಳು."

ಅಷ್ಟು ಹೇಳಿ ಅವನು ಗಡಿಕಲ್ಲಿನ ಈಚೆಗೇ ಕುಕ್ಕರಿಸಿದ. ಅವಳನ್ನು ಮೆಲ್ಲನೆ ಇಳಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಮುಸುಕು ಸರಿಯಿತು. ಮುಂದೆ ನಿಂತಿದ್ದವರು ಕಂಡರು, ಹಿಂದಿನವರಿಗೆ ಹೇಳಿದರು. ಜಯಕಾರ ಅಲ್ಲಲ್ಲೇ ನಿಂತಿತು.

"ಇನ್ನೊಂದು ಹೆಜ್ಜೆ ಕಣೋ!" ಹಾಗ್ನೋನ್ ಅವನ ರಟ್ಟೆ ಹಿಡಿದು ಎಳೆದ. ಶಾಲು ಜಾರಿ ಮಣ್ಣಿಗೆ ಬಿತ್ತು. "ಒಂದೇ ಹೆಜ್ಜೆ ಆಚೆ ಹೋಗಿ ಅಳು, ನಿನ್ನ ದಮ್ಮಯ್ಯ! ಇಲ್ಲಿ ಬೇಡ!"

"ಇಲ್ಲೇ ಸತ್ಲು, ಇಲ್ಲೇ ಅಳ್ತೀನಿ" ಎಂದ ಲಾಂಪೋನ್. ಅತ್ತ. ಬೆಳಗಿನಿಂದ ಗಂಟಲಲ್ಲಿ ಹಿಡಿದಿಟ್ಟಿದ್ದೆಲ್ಲ ಹೊರಗೆ ಬಂತು. ಆ ಗುಡಿಯೊಳಗೆ ಅಂಥ ದನಿ ಯಾರೂ ಕೇಳಿರಲಿಲ್ಲ. ಅಲ್ಲಿ ಅಳುವುದಕ್ಕೆ ಯಾರಿಗೆ ಯಾವತ್ತು ಬಿಟ್ಟಿದ್ದರು? ನಾನು ಜಡೆ ಬಿಚ್ಚಿ ಎದೆ ಬಡಿದುಕೊಂಡು ಪಕ್ಕದಲ್ಲಿ ಕೂತೆ. ನನ್ನ ಗೆಳತಿ ಕಣ್ರೀ ಅವಳು. ಹಬ್ಬ ಕಟ್ಟಿಕೊಂಡು ನನಗೇನು?

ಮೈಲಿಗೆ ಎಂದದ್ದೇ ತಡ, ಜನ ಚೆಲ್ಲಾಪಿಲ್ಲಿಯಾದರು. ಈಗಷ್ಟೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದ ಮುದುಕ ತೊಟ್ಟಿಗೆ ಓಡಿ ಮುಖ ಉಜ್ಜಿಕೊಂಡ. ನಡೆಯಲಾರೆ ಎಂದು ಮಲಗಿದ್ದವರೂ ಪಡಸಾಲೆಯಿಂದ ಎದ್ದು ಹೊರಬಿದ್ದರು. ಆ ವರ್ಷ ಅಷ್ಟು ಜನ ಒಟ್ಟಿಗೆ ವಾಸಿಯಾದದ್ದು ಅವತ್ತೊಂದೇ ದಿನ. ದೂತರು ತಮ್ಮ ಪಶುಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋದರು. ಉಳಿಯ ಸದ್ದು ಅಡಗಿತು. ಹಾಗ್ನೋನ್ ಶಾಲು ಕೊಡವುತ್ತಾ, ಹಂದಿ ತನ್ನಿ, ಹಂದಿ ತನ್ನಿ ಎಂದು ಕೂಗುತ್ತಾ ಒಳಗೆ ಓಡಿದ.

ದ್ವೀಪದ ಹೆಂಗಸು ಮಾತ್ರ ಹೋಗಲಿಲ್ಲ. ನಾನು ಫಿಲಿನ್ನಳ ಗದ್ದಕ್ಕೆ ಬಟ್ಟೆ ಕಟ್ಟುವಾಗ ಅವಳೇ ತಲೆ ಎತ್ತಿ ಹಿಡಿದಳು. ಲಾಂಪೋನ್ ಹೆಂಡತಿಯನ್ನು ಎತ್ತಿಕೊಳ್ಳಲು ನೋಡಿದ. ಆಗಲಿಲ್ಲ. ಮತ್ತೊಮ್ಮೆ ನೋಡಿದ. ಊರಿನವರನ್ನೆಲ್ಲ ಹೊತ್ತ ಆ ಬೆನ್ನಿಗೆ ಬಲವೇ ಇರಲಿಲ್ಲ.

"ಬಿಡಣ್ಣಾ, ನಾವು ಹಿಡಿತೀವಿ. ನೀನು ಇವಳನ್ನ ಎತ್ಕೋ" ಎಂದು ಆ ತಾಯಿ ಮಗಳನ್ನು ಅವನ ತೋಳಿಗೆ ಕೊಟ್ಟಳು. ನಾವಿಬ್ಬರೂ ಫಿಲಿನ್ನಳನ್ನು ಎತ್ತಿಕೊಂಡೆವು. ಮುಳ್ಳಿನ ದಿಬ್ಬ ಹತ್ತದೆ ಆಲಿವ್ ತೋಪಿನ ನೆರಳು ಹಿಡಿದು ಮನೆಯ ಕಡೆ ನಡೆದೆವು. ಲಾಂಪೋನ್ ಮಗುವನ್ನು ಎದೆಗೊತ್ತಿಕೊಂಡು ಹಿಂದೆ ಬರುತ್ತಿದ್ದ. ಮನೆಯ ಬಾಗಿಲಿನವರೆಗೂ ಬಾಯಿ ಬಿಟ್ಟು ಅಳುತ್ತಲೇ ಬಂದ. ಅವನಿಗೆ ಸುಮ್ಮನಿರು ಎಂದು ಯಾರೂ ಹೇಳಲಿಲ್ಲ.